3200 ಅಂತ ಕೊಟ್ಟ ರ‍್ಯಾಮ್ 1600 ತೋರಿಸುತ್ತಿದೆ, ಮೋಸ ಆಯ್ತಾ?

ಪ್ರಶ್ನೆ (ಚಿತ್ರದುರ್ಗ): ಅಣ್ಣಾ, ಮಗಳ ಕಂಪ್ಯೂಟರ್‌ಗೆ 8 ಜಿಬಿ ಡಿಡಿಆರ್4 ರ‍್ಯಾಮ್ ಹಾಕಿಸಿದೆ. ಸ್ಟಿಕ್ಕರ್ ಮೇಲೆ 3200 ಮೆಗಾಹರ್ಟ್ಸ್ ಅಂತಿದೆ. ಕಂಪ್ಯೂಟರ್ ಒಳಗಿನ ವಿವರ ತೋರಿಸೋ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಬರೀ 1597. ಅಂಗಡಿಯವರು ‘ಅದು ಹಂಗೇ ಬರೋದು’ ಅಂದು ಫೋನ್ ಇಟ್ಟರು. ಅರ್ಧ ಸ್ಪೀಡಿನ ಮಾಲು ಕೊಟ್ಟರಾ?

ಉತ್ತರ (ಹಾರ್ಡ್‌ವೇರ್ ರಿಪೇರಿ, ದಾವಣಗೆರೆ): ಮಾಲು ಸರಿಯಾಗಿಯೇ ಇದೆ, ಜಗಳಕ್ಕೆ ಹೋಗಬೇಡಿ. ಬಿಡಿಸಿ ಹೇಳೋಕೆ ಅವರಿಗೆ ಎರಡು ನಿಮಿಷ ಸಾಕಿತ್ತು, ಅದು ಬೇರೆ ಮಾತು.

ರ‍್ಯಾಮ್‌ನ ಕ್ಲಾಕ್ ಸಿಗ್ನಲ್, ಅಂದರೆ ಕೆಲಸಕ್ಕೆ ತಾಳ ಹಾಕೋ ಸಿಗ್ನಲ್, ಏರುತ್ತೆ, ಇಳಿಯುತ್ತೆ. ಹಳೇ ಎಸ್‌ಡಿ ರ‍್ಯಾಮ್ ಏರುವಾಗ ಮಾತ್ರ ಡೇಟಾ ಕಳಿಸುತ್ತಿತ್ತು. ಡಿಡಿಆರ್ ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ಕಳಿಸುತ್ತೆ. ಕ್ಲಾಕ್ ಸೆಕೆಂಡಿಗೆ 160 ಕೋಟಿ ಸಲ, ಡೇಟಾ 320 ಕೋಟಿ ಸಲ. ಸಿಪಿಯು-ಝಡ್ ಮೊದಲನೇದನ್ನು ತೋರಿಸುತ್ತೆ, ಸ್ಟಿಕ್ಕರ್ ಎರಡನೇದನ್ನು. ನ್ಯಾಯವಾಗಿ ಸ್ಟಿಕ್ಕರ್ ಮೇಲೆ ‘ಎಂಟಿ/ಎಸ್’ (ಸೆಕೆಂಡಿಗೆ ಎಷ್ಟು ಹತ್ತು ಲಕ್ಷ ಸಲ ಡೇಟಾ ಹೋಗುತ್ತೆ ಅನ್ನೋ ಲೆಕ್ಕ) ಅಂತ ಇರಬೇಕು, ಸುಮ್ನೆ ಮೆಗಾಹರ್ಟ್ಸ್ ಅಂತ ಹಾಕಿ ಮಾರುತ್ತಾರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ತೆಗೆದು ನೋಡಿ, ಅಲ್ಲಿ 3200 ಅಂತಲೇ ಇರುತ್ತೆ.

1333 (ಅದರ ಎರಡರಷ್ಟು 2666) ಬಂದಿದ್ದರೆ ಯೋಚನೆ ಮಾಡಬೇಕಿತ್ತು. ಆಗ ಪಕ್ಕದ ಸ್ಲಾಟಿನಲ್ಲಿ ಹಳೇ 2666 ಸ್ಟಿಕ್ ಇದೆಯಾ ನೋಡಿ. ಎರಡೂ ಸೇರಿ ಕಡಿಮೆ ಇರೋದರ ವೇಗಕ್ಕೇ ಓಡುತ್ತವೆ. ಇಲ್ಲದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್‌ನ ಮಿತಿ ಅಷ್ಟೇ ಇರಬಹುದು.

ಅದೇ ಪ್ರಶ್ನೆಯವರು: ಸಮಾಧಾನ ಆಯ್ತು ಅಣ್ಣಾ. ನಮ್ಮೂರ ಆಕಾಶವಾಣಿ 102.6 ಮೆಗಾಹರ್ಟ್ಸ್ ಅಲ್ವಾ? ಅದೂ ಇದೂ ಒಂದೇನಾ?

ಉತ್ತರ: ಅಳತೆ ಒಂದೇ, ಸೆಕೆಂಡಿಗೆ ಎಷ್ಟು ಸಲ ಅನ್ನೋ ಲೆಕ್ಕ. ಒಂದು ಮೆಗಾಹರ್ಟ್ಸ್ ಅಂದರೆ ಹತ್ತು ಲಕ್ಷ ಸಲ. ಕೆಲಸ ಮಾತ್ರ ಬೇರೆ. ಕಂಪ್ಯೂಟರ್‌ನಲ್ಲಿ ಅದು ವೇಗ, ರೇಡಿಯೋದಲ್ಲಿ ವಿಳಾಸ. 102.6ರಲ್ಲಿ ಬರೋ ಹಾಡು 90ರಲ್ಲಿ ಬರೋದಕ್ಕಿಂತ ಚೆನ್ನಾಗೇನೂ ಇರಲ್ಲ.

300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತೆ. 102.6ಕ್ಕೆ ಸುಮಾರು 2.9 ಮೀಟರ್. ಅದರ ಕಾಲು ಭಾಗ 73 ಸೆಂಟಿಮೀಟರ್, ಏರಿಯಲ್ ಕಡ್ಡಿ ಹೆಚ್ಚುಕಡಿಮೆ ಅಷ್ಟು ಎಳೆದರೆ ಎಫ್‌ಎಂ ಚೆನ್ನಾಗಿ ಹಿಡಿಯುತ್ತೆ. ಭದ್ರಾವತಿಯ 675 ಕಿಲೋಹರ್ಟ್ಸ್‌ಗೆ ಅಲೆ 444 ಮೀಟರ್. ನೆಲಕ್ಕಂಟಿಕೊಂಡು ಗುಡ್ಡ ದಾಟಿ ಬರೋದು ಅದಕ್ಕೇ. ಎಫ್‌ಎಂ ನಿಮ್ಮ ಕೋಟೆ ಬೆಟ್ಟದ ಮರೆಗೆ ಸಿಕ್ಕರೆ ಸೊರಗುತ್ತೆ.

ಇನ್ನೊಬ್ಬರು (ದಾವಣಗೆರೆ): ಸರ್, ಲ್ಯಾಪ್‌ಟಾಪ್ ಹಾಕಿದ ಕೂಡಲೇ ಅಪ್ಪನ ರೇಡಿಯೋ ಗೊರಗೊರ ಅನ್ನುತ್ತೆ. ಮೀಡಿಯಂ ವೇವ್‌ನಲ್ಲಿ ಜಾಸ್ತಿ, ಎಫ್‌ಎಂನಲ್ಲಿ ಇಲ್ಲವೇ ಇಲ್ಲ. ಇನ್ನೊಂದು, ಹಳೇ ಪೆಂಟಿಯಂ 4 ಮೂರು ಗಿಗಾಹರ್ಟ್ಸ್ ಇತ್ತು, ಈ ಲ್ಯಾಪ್‌ಟಾಪ್ 2.4. ಹಳೇದೇ ಫಾಸ್ಟಾ?

ಉತ್ತರ: ಕೊನೇದು ಮೊದಲು. ಅಲ್ಲ. ಈಗಿನ ಚಿಪ್ ಒಂದೊಂದು ಕ್ಲಾಕಿಗೆ ಜಾಸ್ತಿ ಕೆಲಸ ಮುಗಿಸುತ್ತೆ, ಕೋರ್‌ಗಳೂ ಹೆಚ್ಚು. ಬೇರೆ ಬೇರೆ ಕಾಲದ ಚಿಪ್‌ಗಳನ್ನು ಬರೀ ಗಿಗಾಹರ್ಟ್ಸ್ ನೋಡಿ ತೂಗೋಕೆ ಆಗಲ್ಲ.

ಗೊರಗೊರಕ್ಕೆ ನನ್ನ ಅನುಮಾನ ಚಾರ್ಜರ್ ಮೇಲೆ. ಅದರೊಳಗಿನ ಸ್ವಿಚ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತೆ, ಆ ಗದ್ದಲ ಮೀಡಿಯಂ ವೇವ್‌ವರೆಗೂ ಹರಡುತ್ತೆ. ಅಲ್ಲಿ ದನಿ ಇರೋದು ಅಲೆಯ ಎತ್ತರದಲ್ಲಿ, ಗದ್ದಲವೂ ಬಂದು ಅಲ್ಲೇ ಕೂರುತ್ತೆ. ಎಫ್‌ಎಂ ಎತ್ತರ ನೋಡೋದಿಲ್ಲ, ಸೆಕೆಂಡಿಗೆ ಎಷ್ಟು ಅಲೆ ಬಂತು ಅಂತ ನೋಡುತ್ತೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ. ಆಮೇಲೆ ರೇಡಿಯೋವನ್ನು ಬೇರೆ ಗೋಡೆಯ ಪ್ಲಗ್‌ಗೆ ಹಾಕಿ, ಇಲ್ಲ ಸೆಲ್ ಹಾಕಿ ದೂರ ಇಡಿ. ಕೂತಲ್ಲೇ ಒಮ್ಮೆ ನಿಧಾನ ತಿರುಗಿಸಿಯೂ ನೋಡಿ. ಮೀಡಿಯಂ ವೇವ್ ಹಿಡಿಯೋ ಒಳಗಿನ ಏರಿಯಲ್, ಅಂದರೆ ಫೆರೈಟ್ ಕಡ್ಡಿಗೆ ದಿಕ್ಕು ಇದೆ, ಯಾವುದೋ ಒಂದು ಕಡೆ ಗೊರಗೊರ ಇಳಿಯುತ್ತೆ.