ನೆಲಕ್ಕೆ ಬಿದ್ದ ಪಾತ್ರಕ್ಕೆ ಮ್ಯಾಜಿಕ್ ಮಿಸೈಲ್ ತಗುಲಿದರೆ ಒಂದು ವೈಫಲ್ಯವೋ, ಮೂರೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಯನ್ನು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ನಿಯಮಗಳಂತೆ ನಾಲ್ವರಿಗೆ ಆಡಿಸುತ್ತಿದ್ದೇನೆ. ಕಳೆದ ಭಾನುವಾರ ಒಂದು ಪಾತ್ರದ ಸಾವಿನ ಪ್ರಶ್ನೆ ಎದ್ದು, ಆಟವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಮೂರನೇ ಹಂತದ ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವ ಪಾತ್ರ), ಗರಿಷ್ಠ ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) 24. ಆಕೆಯ ಬಳಿ 9 ಉಳಿದಿದ್ದಾಗ ಓಗರ್‌ನ ಹೊಡೆತದಿಂದ 14 ಹಾನಿಯಾಗಿ ಪ್ರಜ್ಞೆ ತಪ್ಪಿ ಬಿದ್ದಳು. ಹೀಗೆ ಶೂನ್ಯಕ್ಕಿಳಿದ ಪಾತ್ರ ತನ್ನ ಸರದಿಯಲ್ಲಿ ಬದುಕು-ಸಾವಿನ ದಾಳ ಉರುಳಿಸಿ ಯಶಸ್ಸು ಇಲ್ಲವೇ ವೈಫಲ್ಯ ಬರೆದುಕೊಳ್ಳುತ್ತದೆ, ಬಿದ್ದಿರುವಾಗ ಪೆಟ್ಟು ತಗುಲಿದರೂ ವೈಫಲ್ಯ ಸೇರುತ್ತದೆ; ಮೂರು ವೈಫಲ್ಯವಾದರೆ ಸಾವು. ಆಕೆಯ ಸರದಿ ಬರುವ ಮೊದಲೇ 30 ಅಡಿ ದೂರದಿಂದ ಗಾಬ್ಲಿನ್ ಬಾಣ ಬಿಟ್ಟಿತು. ಪ್ರಜ್ಞೆಯಿಲ್ಲದವರ ಮೇಲಿನ ಪೆಟ್ಟು ಕ್ರಿಟಿಕಲ್ (ಎರಡು ವೈಫಲ್ಯ ತರುವ ತೀವ್ರ ಪೆಟ್ಟು) ಎಂದುಕೊಂಡು ನಾನು ಅಡ್ವಾಂಟೇಜ್ (ಎರಡು ದಾಳಗಳಲ್ಲಿ ಹೆಚ್ಚಿನದನ್ನು ಎಣಿಸುವ ಅನುಕೂಲ) ಕೊಟ್ಟು ಎರಡು ದಾಳ ಉರುಳಿಸಿದೆ, ಬಾಣ ತಗುಲಿದ್ದರಿಂದ ಎರಡು ವೈಫಲ್ಯ ಬರೆದುಕೊಂಡೆ. ಬಳಿಕ ಶತ್ರು ಮಾಂತ್ರಿಕ, ಗುರಿ ತಪ್ಪದ ಮಾಯಾ ಬಾಣಗಳ ಮಂತ್ರವಾದ ಮ್ಯಾಜಿಕ್ ಮಿಸೈಲ್‌ನ ಮೂರೂ ಬಾಣಗಳನ್ನು ಆಕೆಯತ್ತಲೇ ಬಿಟ್ಟ. ಹೇಗೆ ಎಣಿಸಿದರೂ ಸತ್ತಳು ಎಂದು ನಾನು ಹೇಳಿದೆ. ಆದರೆ ಒಂದು ಮಂತ್ರಕ್ಕೆ ಒಂದೇ ವೈಫಲ್ಯವೋ, ಬಾಣಕ್ಕೊಂದರಂತೆ ಮೂರೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡು ವರ್ಷದಿಂದ ಆಡುತ್ತಿರುವ ಪಾತ್ರವಾದ್ದರಿಂದ ತಪ್ಪು ತೀರ್ಪು ಕೊಡಲು ನನಗೆ ಮನಸ್ಸಿಲ್ಲ.

ಉತ್ತರ 1

ಮ್ಯಾಜಿಕ್ ಮಿಸೈಲ್‌ಗೆ ಬರುವ ಮೊದಲು ಬಾಣದ ಲೆಕ್ಕವನ್ನು ಸರಿಪಡಿಸಬೇಕು, ಏಕೆಂದರೆ ನಿಮ್ಮ ತೀರ್ಪು ನಿಂತಿರುವುದೇ ಅದರ ಮೇಲೆ. ಪ್ರಜ್ಞೆ ತಪ್ಪಿದವರಿಗೆ ತಗುಲಿದ ಪೆಟ್ಟು ತಾನಾಗಿ ಕ್ರಿಟಿಕಲ್ ಆಗುವುದು ಹೊಡೆದವರು 5 ಅಡಿಯೊಳಗೆ ಇದ್ದಾಗ ಮಾತ್ರ. 30 ಅಡಿಯಿಂದ ಬಂದ ಬಾಣ, ದಾಳದಲ್ಲಿ 20 ಬೀಳದ ಹೊರತು, ಸಾಮಾನ್ಯ ಪೆಟ್ಟು. ಆದ್ದರಿಂದ ಒಂದೇ ವೈಫಲ್ಯ. ಅಡ್ವಾಂಟೇಜ್ ಕೂಡ ಇರಲಿಲ್ಲ: ಪ್ರಜ್ಞೆ ಇಲ್ಲದ್ದರಿಂದ ದೊರೆಯುವ ಅಡ್ವಾಂಟೇಜ್, ನೆಲಕ್ಕೆ ಬಿದ್ದವರ ಮೇಲೆ ದೂರದಿಂದ ಗುರಿಯಿಡುವ ಡಿಸ್‌ಅಡ್ವಾಂಟೇಜ್‌ನಿಂದ (ಎರಡು ದಾಳಗಳಲ್ಲಿ ಕಡಿಮೆಯದನ್ನು ಎಣಿಸುವ ಅನಾನುಕೂಲ) ರದ್ದಾಗಿ, ಒಂದೇ ದಾಳ ಉರುಳಿಸಬೇಕಿತ್ತು. ನೀವು ಉರುಳಿಸಿದ ಎರಡು ದಾಳಗಳಲ್ಲಿ ಏನು ಬಿದ್ದಿತ್ತು ಎಂದು ದಯವಿಟ್ಟು ತಿಳಿಸಿ.

ಓಗರ್‌ನ ಹೊಡೆತದಲ್ಲಿ ಶೂನ್ಯದಾಚೆ ಮಿಕ್ಕ ಹಾನಿ 5. ಅದು 24 ಮುಟ್ಟಿದ್ದರೆ ಮಾತ್ರ ಸ್ಥಳದಲ್ಲೇ ಸಾವು. ಆ ಭಾಗವನ್ನು ನೀವು ಸರಿಯಾಗಿಯೇ ನಡೆಸಿದ್ದೀರಿ.

ಹಾಗಾದರೆ ಮ್ಯಾಜಿಕ್ ಮಿಸೈಲ್ ಬರುವಾಗ ಆಕೆಯ ಮೇಲೆ ಇದ್ದದ್ದು ಒಂದೇ ವೈಫಲ್ಯ, ನಿಮ್ಮ ಗುಂಪಿನ ವಾದಕ್ಕೆ ನಿಜವಾದ ತೂಕ ಬರುವುದು ಇಲ್ಲಿ. ಶೂನ್ಯದಲ್ಲಿರುವಾಗ ಹಾನಿಯಾದರೆ ಒಂದು ವೈಫಲ್ಯ ಎಂದು ನಿಯಮ ಹೇಳುತ್ತದೆ, ಆದರೆ ಒಂದು ಹಾನಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆ ಎಂದು ಹೇಳುವುದಿಲ್ಲ. ಸ್ಕಾರ್ಚಿಂಗ್ ರೇ ಮಂತ್ರದಲ್ಲಿ ಪ್ರತಿ ಕಿರಣಕ್ಕೂ ಬೇರೆ ದಾಳ ಉರುಳುವುದರಿಂದ ತಗುಲಿದ ಕಿರಣಕ್ಕೊಂದು ವೈಫಲ್ಯ; ಫೈರ್‌ಬಾಲ್ ಮಂತ್ರ ಒಂದೇ ಸ್ಫೋಟ, ಒಂದೇ ವೈಫಲ್ಯ. ಮ್ಯಾಜಿಕ್ ಮಿಸೈಲ್ ಇವೆರಡರ ನಡುವೆ ಸಿಕ್ಕಿಕೊಂಡಿದೆ: ಬಾಣಗಳು ಮೂರು, ಪ್ರತಿಯೊಂದರ ಹಾನಿ 1ಡಿ4+1 (ನಾಲ್ಕು ಮುಖದ ಒಂದು ದಾಳ, ಜೊತೆಗೆ 1), ಆದರೆ ಎಲ್ಲವೂ ಏಕಕಾಲಕ್ಕೆ ತಗುಲುತ್ತವೆ ಎಂದು ಮಂತ್ರದ ವಿವರಣೆಯಲ್ಲೇ ಇದೆ.

ನಾನು ಒಂದೇ ವೈಫಲ್ಯದ ಪರ. ಮೂರು ಎಂದು ಎಣಿಸಿದರೆ, ಮೊದಲನೇ ಹಂತದ ಮಂತ್ರವೊಂದು ಬಿದ್ದಿರುವ ಯಾವ ನಾಯಕನನ್ನಾದರೂ, ಎಷ್ಟೇ ದೊಡ್ಡ ಹಂತದವನಾಗಿರಲಿ, ತಗುಲಿತೇ ಇಲ್ಲವೇ ಎಂದು ತಿಳಿಯಲು ಯಾರೂ ದಾಳ ಮುಟ್ಟದೆಯೇ ಕೊಂದುಬಿಡುತ್ತದೆ. ಅದನ್ನು ತಡೆಯುವ ಶೀಲ್ಡ್ ಮಂತ್ರವನ್ನು ಪ್ರಜ್ಞೆಯಿಲ್ಲದವರು ಹಾಕಲಾರರು. ಮೇಲಾಗಿ ಸಾಮಾನ್ಯ ರಾಕ್ಷಸಗಳು ಶೂನ್ಯಕ್ಕಿಳಿದೊಡನೆ ಸಾಯುವುದರಿಂದ, ಈ ಕಠಿಣ ಓದಿನ ಭಾರವೆಲ್ಲ ಆಟಗಾರರ ಮೇಲೆಯೇ ಬೀಳುತ್ತದೆ.

ಉತ್ತರ 2

ಬಾಣದ ವಿಷಯದಲ್ಲಿ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮ್ಯಾಜಿಕ್ ಮಿಸೈಲ್ ವಿಷಯದಲ್ಲಿ ಒಪ್ಪಲಾರೆ. ಪೆಟ್ಟು ತಿಂದರೂ ಹಾಕಿದ ಮಂತ್ರವನ್ನು ಹಿಡಿದಿಟ್ಟುಕೊಳ್ಳುವ ಏಕಾಗ್ರತೆಯ ನಿಯಮದಲ್ಲಿ, ಹಾನಿ ಹಲವು ಮೂಲಗಳಿಂದ ಬಂದರೆ ಪ್ರತಿ ಮೂಲಕ್ಕೂ ಬೇರೆ ಸೇವ್ (ಪರಿಣಾಮದಿಂದ ಪಾರಾಗಲು ಉರುಳಿಸುವ ದಾಳ) ಮಾಡಬೇಕೆಂದು ಇದೆ. ನಮ್ಮ ಮೇಜಿನಲ್ಲಿ ಮೂರು ಬಾಣಕ್ಕೆ ಮೂರು ಏಕಾಗ್ರತೆಯ ಸೇವ್ ಕೇಳುತ್ತೇವೆ. ಸಾವಿನ ಲೆಕ್ಕದಲ್ಲಿ ಅವೇ ಮೂರನ್ನು ಒಂದಾಗಿಸಿದರೆ ತೀರ್ಪಿಗೆ ತಾಳಮೇಳ ಇರುವುದಿಲ್ಲ. ಏಕಕಾಲ ಎಂಬುದು ಯಾವಾಗ ತಗುಲುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ತಗುಲುತ್ತದೆ ಎಂಬುದನ್ನಲ್ಲ.

ಆದರೂ ನಿಮ್ಮ ಸಂದರ್ಭದಲ್ಲಿ ನಾನು ಆ ಕ್ಲೆರಿಕ್‌ಳನ್ನು ಕೊಲ್ಲುತ್ತಿರಲಿಲ್ಲ. ನಮ್ಮ ಆಟಗಾರರಿಗೆ ಈ ತೀರ್ಪು ಮೊದಲ ದಿನವೇ ಗೊತ್ತಿತ್ತು. ಹಾಗಾಗಿ ಒಬ್ಬರು ಬಿದ್ದೊಡನೆ ಉಳಿದವರು ಶತ್ರು ಮಾಂತ್ರಿಕನನ್ನೇ ಮೊದಲು ಮುತ್ತುತ್ತಾರೆ. ನಿಮ್ಮವರಿಗೆ ಆ ಅವಕಾಶ ಸಿಕ್ಕಿರಲಿಲ್ಲ. ಸತ್ತವರನ್ನು ಒಂದು ನಿಮಿಷದೊಳಗೆ ಎಬ್ಬಿಸುವ ರಿವಿವಿಫೈ ಮೂರನೇ ಹಂತದ ಮಂತ್ರ. ಕ್ಲೆರಿಕ್‌ಗೆ ಅದು ದೊರೆಯುವುದು ಪಾತ್ರವಾಗಿ ಐದನೇ ಹಂತ ಮುಟ್ಟಿದಾಗ, ಜೊತೆಗೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಮೂರನೇ ಹಂತದ ಗುಂಪಿನಲ್ಲಿ ಆದ ಸಾವನ್ನು ಹಿಂತಿರುಗಿಸುವ ದಾರಿ ಹೆಚ್ಚುಕಡಿಮೆ ಇಲ್ಲ. ಸಂಶಯದ ತೀರ್ಪು ಮೊದಲ ಸಲ ಎದುರಾದಾಗ ಆಟಗಾರರ ಪರವಾಗಿ ಕೊಡಿ, ಆಮೇಲೆ ನಿಮ್ಮ ಮೇಜಿನ ನಿಯಮವನ್ನು ಬರೆದಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಣದ ದಾಳಗಳಲ್ಲಿ 17 ಮತ್ತು 15 ಬಿದ್ದಿದ್ದವು. ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಬಾಣ ತಗುಲುತ್ತಿತ್ತು, ಆದ್ದರಿಂದ ಒಂದು ವೈಫಲ್ಯ ಉಳಿಯಿತು. ಮ್ಯಾಜಿಕ್ ಮಿಸೈಲ್‌ಗೆ ಇನ್ನೊಂದು ಸೇರಿಸಿ, ಒಟ್ಟು ಎರಡು ವೈಫಲ್ಯಗಳೊಂದಿಗೆ ಅದೇ ಕ್ಷಣದಿಂದ ನಿನ್ನೆ ಆಟ ಮುಂದುವರಿಸಿದೆವು. ಆಕೆಯ ಸರದಿಯಲ್ಲಿ ದಾಳ 11 ತೋರಿಸಿ ಒಂದು ಯಶಸ್ಸು ಬಂತು, ಬಳಿಕ ಜೊತೆಗಾರನೊಬ್ಬ ಓಡಿಬಂದು ಹೀಲಿಂಗ್ ಪೋಷನ್ ಕುಡಿಸಿದ. ಮುಂದಿನ ಸಲದಿಂದ ಮ್ಯಾಜಿಕ್ ಮಿಸೈಲ್‌ಗೆ ಒಂದೇ ವೈಫಲ್ಯ ಎಂದು ಗುಂಪಿನವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಕೊನೆಯದೊಂದು ಸಂಶಯ: ಆ ಎರಡು ವೈಫಲ್ಯಗಳು ಮುಂದಿನ ಕಾಳಗಕ್ಕೂ ಉಳಿಯುತ್ತವೆಯೇ?

ಉತ್ತರ 1

ಉಳಿಯುವುದಿಲ್ಲ. ಒಂದೇ ಒಂದು ಹಿಟ್ ಪಾಯಿಂಟ್ ಮರಳಿದರೂ, ಇಲ್ಲವೇ ಪಾತ್ರ ಸ್ಥಿರ ಸ್ಥಿತಿಗೆ ಬಂದರೂ, ಯಶಸ್ಸು ಮತ್ತು ವೈಫಲ್ಯ ಎರಡೂ ಶೂನ್ಯವಾಗುತ್ತವೆ. ಪೋಷನ್ ಕುಡಿಸಿದ ಕ್ಷಣವೇ ಆಕೆಯ ಹಾಳೆಯಲ್ಲಿದ್ದ ಆ ಗುರುತುಗಳನ್ನು ಅಳಿಸಬಹುದು.