ಯುರೋಪಿನಲ್ಲಿ ಪೇಟೆಂಟ್: ಎಷ್ಟು ದೇಶಕ್ಕೆ ತಗೋಬೇಕು, ಯಾವ ಕೋರ್ಟಿಗೆ ಹೋಗಬೇಕು?

ಪ್ರಶ್ನೆ:
ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಕಂಪನಿ. ಆಸ್ಪತ್ರೆಯ ಡ್ರಿಪ್ ಪಂಪುಗಳಿಗೆ ವಾಲ್ವ್ ಮಾಡುತ್ತೇವೆ. ಮೊದಲು ಭಾರತದಲ್ಲಿ, ಆಮೇಲೆ ಪಿಸಿಟಿ ಅರ್ಜಿ (ಹಲವು ದೇಶಗಳಿಗೆ ಸೇರಿ ಹಾಕುವ ಒಂದೇ ಅಂತರರಾಷ್ಟ್ರೀಯ ಅರ್ಜಿ) ಹಾಕಿದ್ದೇವೆ. ಯುರೋಪಿಗೆ ಹೋಗುವ ಗಡುವು ಹತ್ತಿರ ಬಂತು. ಇಡೀ ಯುರೋಪಿಗೆ ಒಂದೇ ಪೇಟೆಂಟ್ ಸಿಗುತ್ತದೆ ಅಂತಾರೆ, ನಿಜವಾ? ನಕಲು ಮಾಡಿದರೆ ಎಲ್ಲಿ ಕೇಸ್ ಹಾಕೋದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮ್ಯೂನಿಕ್‌ನಲ್ಲಿ ಪೇಟೆಂಟ್ ಕೆಲಸ ಮಾಡುವವರ ಉತ್ತರ:
ಸರ್, ಮೊದಲು ಗಡುವು ನೋಡಿಕೊಳ್ಳಿ. ನಿಮ್ಮ ಮೊದಲ ಭಾರತೀಯ ಅರ್ಜಿಯ ತಾರೀಖಿನಿಂದ 31 ತಿಂಗಳೊಳಗೆ ಯುರೋಪಿಯನ್ ಪೇಟೆಂಟ್ ಆಫೀಸಿಗೆ ಹೋಗಬೇಕು.

ಅರ್ಜಿ ಒಂದೇ, ಪರೀಕ್ಷೆಯೂ ಒಂದೇ. ಪೇಟೆಂಟ್ ಮಂಜೂರಾದ ಮೇಲೆ ದಾರಿ ಎರಡಾಗುತ್ತದೆ. ಬೇಕಾದ ದೇಶಗಳನ್ನು ಆರಿಸಿಕೊಂಡು ಒಂದೊಂದರಲ್ಲೂ ಜಾರಿ ಮಾಡಿಸುವುದು ಹಳೆಯ ದಾರಿ. ಯುನಿಟರಿ ಪೇಟೆಂಟ್ ಹೊಸದು, 1 ಜೂನ್ 2023ರಿಂದ ಇದೆ. ಮಂಜೂರಾತಿ ಪ್ರಕಟವಾದ ಒಂದು ತಿಂಗಳೊಳಗೆ ಕೇಳಿಕೊಂಡರೆ 18 ದೇಶಗಳಿಗೆ ಒಟ್ಟಿಗೆ ಸಿಗುತ್ತದೆ. ಅದಕ್ಕೇ "ಇಡೀ ಯುರೋಪ್" ಅನ್ನೋ ಮಾತು ಸರಿಯಲ್ಲ. ಸ್ಪೇನ್, ಪೋಲೆಂಡ್ ಇದರಲ್ಲಿ ಸೇರಿಲ್ಲ. ಬ್ರಿಟನ್, ಸ್ವಿಟ್ಜರ್ಲೆಂಡ್, ಟರ್ಕಿ ಯುರೋಪಿಯನ್ ಒಕ್ಕೂಟದ ಹೊರಗಿವೆ, ಸೇರಲು ಬರುವುದಿಲ್ಲ. ಅವು ಬೇಕಿದ್ದರೆ ಅದೇ ಮಂಜೂರಾತಿಯ ಮೇಲೆ ಬೇರೆಯಾಗಿ ಜಾರಿ ಮಾಡಿಸಬೇಕು.

ಹೊಸದು ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಅದು ಎಷ್ಟು ದೇಶ ಬೇಕು ಅನ್ನೋದರ ಮೇಲೆ ಹೋಗುತ್ತದೆ. ಯುನಿಟರಿ ಪೇಟೆಂಟಿಗೆ ಸದ್ಯ ಪೂರ್ತಿ ದಾಖಲೆಯ ಒಂದು ಅನುವಾದ ಕೊಡಬೇಕು. ಜರ್ಮನಿ, ಫ್ರಾನ್ಸ್, ಬ್ರಿಟನ್ ಮೂರೇ ಸಾಕು ಅಂದರೆ ಅದರ ಗೋಜೇ ಇಲ್ಲ. ಪೇಟೆಂಟ್ ಉಳಿಸಿಕೊಳ್ಳಲು ಕಟ್ಟುವ ಶುಲ್ಕ ವರ್ಷ ಕಳೆದಂತೆ ಏರುತ್ತದೆ. ಹಳೆಯ ದಾರಿಯಲ್ಲಿ ಬೇಡವಾದ ದೇಶ ಬಿಟ್ಟುಬಿಡಬಹುದು, ಯುನಿಟರಿಯಲ್ಲಿ ಹಾಗೆ ಬಿಡಿಬಿಡಿಯಾಗಿ ಕಳಚಲು ಆಗುವುದಿಲ್ಲ.

ನಾನು ಜಾಸ್ತಿ ಯೋಚಿಸುವುದು ಕೋರ್ಟಿನ ಬಗ್ಗೆ. ಯುನಿಟರಿ ಪೇಟೆಂಟಿನ ಕೇಸು ಯುಪಿಸಿ (ಯುನಿಫೈಡ್ ಪೇಟೆಂಟ್ ಕೋರ್ಟ್) ಅನ್ನುವ ಹೊಸ ಕೋರ್ಟಿಗೇ ಹೋಗುತ್ತದೆ. ಗೆದ್ದರೆ 18 ದೇಶದಲ್ಲೂ ನಕಲಿಗೆ ತಡೆ ಸಿಗಬಹುದು. ಎದುರಾಳಿ ಅದನ್ನು ರದ್ದು ಮಾಡಿಸಿದರೆ ಅಷ್ಟೂ ದೇಶದಲ್ಲಿ ಒಂದೇ ಏಟಿಗೆ ಹೋಯಿತು. ಹಳೆಯ ಬಗೆಯ ಪೇಟೆಂಟಿಗೆ ಈ ಕೋರ್ಟಿನಿಂದ ಹೊರಗುಳಿಯುವ ಅವಕಾಶ ಸದ್ಯಕ್ಕಿದೆ. "ಆಪ್ಟ್ ಔಟ್" ಅಂತಾರೆ. ಯಾರಾದರೂ ಅಲ್ಲಿ ಕೇಸ್ ಹಾಕುವ ಮೊದಲೇ ಅದನ್ನು ಮಾಡಿಸಬೇಕು. ಇರುವುದು ಒಂದೇ ಪೇಟೆಂಟ್, ಅದೇ ಕಂಪನಿಯ ಜೀವ ಅಂದರೆ ನಾನು ಹಳೆಯ ದಾರಿ ಹಿಡಿದು ಹೊರಗೇ ಇರಲು ಹೇಳುತ್ತೇನೆ. ನಿಮ್ಮ ಎದುರಾಳಿ ಎಲ್ಲಿ ತಯಾರಿಸುತ್ತಾನೆ, ಎಲ್ಲಿ ಮಾರುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ದೇಶಗಳ ಪಟ್ಟಿ ಅಲ್ಲೇ ಸಿಗುತ್ತದೆ.

ವೈದ್ಯಕೀಯ ಉಪಕರಣ ರಫ್ತು ಮಾಡುವವರ ಉತ್ತರ:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಕಡೆಯಿಂದ ಹೇಳ್ತೀನಿ. ನಿಮ್ಮ ಮೇಲೂ ಕೇಸ್ ಬೀಳಬಹುದು, ಅದೂ ವ್ಯಾಪಾರ ಮೇಳದ ಹೊತ್ತಿಗೆ. 2023ರ ಜೂನ್ 22ರಂದು ಯುಪಿಸಿಯ ಡ್ಯೂಸೆಲ್‌ಡಾರ್ಫ್ ವಿಭಾಗ ಒಂದು ಇ-ಬೈಕ್ ಕೇಸಿನಲ್ಲಿ, ಎದುರಿನವರನ್ನು ಕರೆಸದೆಯೇ, ಅರ್ಜಿ ಬಂದ ದಿನವೇ ತಡೆಯಾಜ್ಞೆ ಕೊಟ್ಟಿತು. ಫ್ರಾಂಕ್‌ಫರ್ಟಿನಲ್ಲಿ ಯೂರೋಬೈಕ್ ಮೇಳ ಆಗ ನಡೆಯುತ್ತಿತ್ತು. ತಡೆ ಕೇಳಿದ್ದು ಮೈಸ್ಟ್ರೋಮರ್, ಎದುರಿನವರು ರಿವೋಲ್ಟ್ ಜೈಕ್ಲಿಂಗ್, ಎರಡೂ ಸ್ವಿಸ್ ಕಂಪನಿಗಳು!

ನಾವು ಡ್ಯೂಸೆಲ್‌ಡಾರ್ಫಿನ ಮೆಡಿಕಾ ಮೇಳಕ್ಕೆ ಹೋಗುವ ಮುಂಚೆ ಒಂದು ಕಂಪನಿ ನೋಟಿಸ್ ಕಳಿಸಿತ್ತು. ನಮ್ಮ ವಕೀಲರು ಕೂಡಲೇ ಕೋರ್ಟಿಗೆ ಪ್ರೊಟೆಕ್ಟಿವ್ ಲೆಟರ್ ಕೊಟ್ಟರು. ಅಂದರೆ, ಅವರು ತಡೆ ಕೇಳಿ ಬಂದರೆ ನಮ್ಮ ಮಾತನ್ನೂ ಓದಿ ಅಂತ ಮುಂಚಿತವಾಗಿ ಸಲ್ಲಿಸುವ ಉತ್ತರ. ಪಂಪು ಬಿಚ್ಚಿ, ಸ್ಪ್ರಿಂಗ್ ಡಯಾಫ್ರಮ್‌ನ ಯಾವ ಕಡೆ ಕೂತಿದೆ ಅಂತ ಫೋಟೋ ತೆಗೆದು, ಅವರ ಪೇಟೆಂಟಿನ ಕ್ಲೇಮಿನ (ಯಾವುದರ ಮೇಲೆ ಹಕ್ಕು ಅಂತ ಹೇಳುವ ಭಾಗ) ಸಾಲುಗಳ ಪಕ್ಕ ಇಟ್ಟೆವು. ಅವರದು ಮೇಲ್ಗಡೆ, ನಮ್ಮದು ಕೆಳಗಡೆ. ತಡೆಯಾಜ್ಞೆ ಹಿಡಿದು ಸ್ಟಾಲಿಗೆ ಯಾರೂ ಬರಲಿಲ್ಲ. ಸುಮ್ನೆ "ನಾವು ನಕಲು ಮಾಡಿಲ್ಲ" ಅಂತ ಬರೆದರೆ ಪ್ರಯೋಜನ ಇಲ್ಲ. ಕ್ಲೇಮಿಗೂ ಪೇಟೆಂಟಿನ ಸಿಂಧುತ್ವಕ್ಕೂ ನೇರ ಉತ್ತರ ಇರಲೇಬೇಕು.

ಬೆಂಗಳೂರಿನಿಂದ, ಪೇಟೆಂಟ್ ಏಜೆಂಟ್ ಒಬ್ಬರ ಉತ್ತರ:
ಕೇಸ್ ಎಲ್ಲಿ ಅಂತ ಕೇಳಿದಿರಿ. ಯುಪಿಸಿಗಲ್ಲದೆ ಜರ್ಮನಿಯ ಸ್ವಂತ ಕೋರ್ಟಿಗೆ ಹೋದರೆ, ಉಲ್ಲಂಘನೆಯ ಕೇಸು ಡ್ಯೂಸೆಲ್‌ಡಾರ್ಫ್, ಮ್ಯಾನ್‌ಹೈಮ್, ಮ್ಯೂನಿಕ್‌ನಂಥ ಕೋರ್ಟಿನಲ್ಲಿ, ಪೇಟೆಂಟ್ ರದ್ದತಿಯ ಕೇಸು ಫೆಡರಲ್ ಪೇಟೆಂಟ್ ಕೋರ್ಟಿನಲ್ಲಿ. ಉಲ್ಲಂಘನೆಯ ತೀರ್ಪು ಮೊದಲೇ ಬಂದುಬಿಡುವುದುಂಟು. ಪೇಟೆಂಟ್ ಇರುವವರಿಗೆ ಅದು ದೊಡ್ಡ ಬಲ.

25 ಫೆಬ್ರವರಿ 2025ರಂದು ಬಿಎಸ್ಎಚ್–ಎಲೆಕ್ಟ್ರೋಲಕ್ಸ್ ಕೇಸಿನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇನ್ನೊಂದು ಬಾಗಿಲು ತೆರೆಯಿತು. ಎದುರಾಳಿಯ ನೆಲೆ ಒಕ್ಕೂಟದ ಯಾವ ದೇಶದಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಬೇರೆ ದೇಶಗಳ ಪೇಟೆಂಟ್ ಉಲ್ಲಂಘನೆಯನ್ನೂ ಕೇಳಬಹುದು. ಪೇಟೆಂಟೇ ಸಿಂಧುವಲ್ಲ ಅಂತ ಅವರು ವಾದಿಸಿದರೂ ಕೇಸ್ ಅಲ್ಲೇ ಉಳಿಯುತ್ತದೆ.

ಖರ್ಚಿನ ಮಾತು: ಸೋತವರು ಗೆದ್ದವರ ಖರ್ಚನ್ನೂ ಮಿತಿಯೊಳಗೆ ಕೊಡಬೇಕು. ಒಕ್ಕೂಟದ ಹೊರಗಿನ ಫಿರ್ಯಾದಿಗೆ ಯುಪಿಸಿ ಮೊದಲೇ ಭದ್ರತೆ ಹಣ ಇಡಲು ಹೇಳಬಹುದು. ನಿಮ್ಮಂಥ ಕಂಪನಿ ಅದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಮುಂದಿನ ಸಲ ಹೊಸದೇನಾದರೂ ಕಂಡುಹಿಡಿದರೆ, ಮೇಳದಲ್ಲಿ ತೋರಿಸುವ ಮೊದಲೇ ಅರ್ಜಿ ಹಾಕಿ. ತೋರಿಸಿದ ಮೇಲೂ ಅರ್ಜಿ ಹಾಕಲು ಅಮೆರಿಕದಲ್ಲಿರುವಂಥ ಒಂದು ವರ್ಷದ ರಿಯಾಯಿತಿ ಯುರೋಪಿನಲ್ಲಿಲ್ಲ. ಜೊತೆಗೆ ನಮ್ಮ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಮರೆಯಬೇಡಿ: ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ತಗೊಂಡು ಹೊರದೇಶದಲ್ಲಿ ಅರ್ಜಿ ಹಾಕಬೇಕು. ಎದುರಾಳಿಯ ಹೊಸ ಪೇಟೆಂಟುಗಳ ಮೇಲೂ ಕಣ್ಣಿಡಿ. ಮಂಜೂರಾತಿ ಪ್ರಕಟವಾದ ಒಂಬತ್ತು ತಿಂಗಳೊಳಗೆ ಮ್ಯೂನಿಕ್‌ನಲ್ಲೇ ಯುರೋಪಿಯನ್ ಪೇಟೆಂಟ್ ಆಫೀಸಿಗೆ ಆಕ್ಷೇಪಣೆ ಸಲ್ಲಿಸಬಹುದು. ಕೋರ್ಟಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.