ಪದಚರ್ಚೆ: ‘ಸುಯಾಕಿ’ಗೆ ‘ಅರೆಸುಟ್ಟ’ ಆದೀತೇ?

ಪ್ರಶ್ನೆ: ಜಪಾನಿನ ಗಿಫು ಪ್ರಾಂತ್ಯದ ತಾಜಿಮಿಯಲ್ಲಿ ಹೈಸ್ಕೂಲು ಹುಡುಗಿಯರು ಕುಂಬಾರಿಕೆ ಕಲಿಯುವ ಅನಿಮೆಗೆ (ಜಪಾನಿ ಕಾರ್ಟೂನ್ ಸರಣಿ, 2021) ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ‘ಸುಯಾಕಿ’ (ಮೆರುಗು ಹಚ್ಚುವ ಮುನ್ನ ಸುಡುವುದು), ‘ಹೊನ್‌ಯಾಕಿ’ (ಮೆರುಗು ಹಚ್ಚಿದ ಮೇಲೆ ಸುಡುವುದು) ಎರಡಕ್ಕೂ ‘ಸುಡು’ ಎಂದೇ ಬರುತ್ತಿದೆ. ಮೊದಲನೆಯದಕ್ಕೆ ‘ಅರೆಸುಟ್ಟ’ ಎನ್ನಬಹುದೇ? ಬಟ್ಟಲಿನ ತಳವನ್ನು ಅಲಗಿನಿಂದ ತಿದ್ದುವ ‘ಕೆಜುರಿ’ಗೆ ‘ತಟ್ಟುವುದು’ ಸರಿಯೇ?

ಉತ್ತರ: ‘ಅರೆಸುಟ್ಟ’ ದಯವಿಟ್ಟು ಬೇಡ. ಅರೆಸುಟ್ಟ ಮಡಕೆ ಎಂದರೆ ನಮ್ಮಲ್ಲಿ ಕೆಟ್ಟ ಮಡಕೆ. ಸುಯಾಕಿಯಲ್ಲಿ ಕೆಟ್ಟದ್ದೇನೂ ಇಲ್ಲ; ಬೇಕೆಂದೇ 700–800 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸುತ್ತಾರೆ. ಅಷ್ಟು ಕಾವು ಕಂಡ ಮಣ್ಣು ಮತ್ತೆ ನೀರಿನಲ್ಲಿ ಕರಗದು, ಆದರೆ ಅದರ ಸಣ್ಣ ರಂಧ್ರಗಳು ಉಳಿದಿರುತ್ತವೆ. ಮೆರುಗಿನ (ಗ್ಲೇಜ್) ಪುಡಿ ಕಲಸಿದ ನೀರಿನಲ್ಲಿ ಅದ್ದಿದ ಕೂಡಲೇ ಮಣ್ಣು ನೀರನ್ನು ಹೀರಿ, ಪುಡಿ ಮೈಮೇಲೆ ಪದರವಾಗಿ ಕೂರುತ್ತದೆ. ಕಾವು ಮಿತಿಮೀರಿದರೆ ರಂಧ್ರ ಮುಚ್ಚಿ ಮೆರುಗು ಹಿಡಿಯುವುದಿಲ್ಲ. ಆಮೇಲಿನ ಹೊನ್‌ಯಾಕಿ 1,200 ಡಿಗ್ರಿ ದಾಟುತ್ತದೆ. ಮೆರುಗು ಕರಗಿ ಗಾಜಾಗುವುದು ಆಗಲೇ. ನಮ್ಮ ಹಳ್ಳಿಯ ನೀರಿನ ಗಡಿಗೆ ಹೆಚ್ಚುಕಡಿಮೆ ಸುಯಾಕಿಯ ಹಂತದ್ದು, ಜಿನುಗುವುದರಿಂದಲೇ ನೀರು ತಣ್ಣಗಿರುತ್ತದೆ. ನಮಗೆ ಮುಗಿದ ಕೆಲಸ, ಅವರಿಗೆ ಇನ್ನೂ ನಡುದಾರಿ. ಹಾಗಾಗಿ ‘ಮೊದಲ ಸುಡುವಿಕೆ’, ‘ಮೆರುಗಿನ ಸುಡುವಿಕೆ’ ಎನ್ನಿ. ಸುಡುವ ಗೂಡಿಗೆ ‘ಆವಿಗೆ’ಯೇ ಇರಲಿ, ಅದು ಕರೆಂಟಿನದಾದರೂ. ‘ಕುಲುಮೆ’ ಕಮ್ಮಾರನದು.

‘ತಟ್ಟುವುದು’ ಪೂರ್ತಿ ಬೇರೆ ಕೆಲಸ. ನಮ್ಮ ಕುಂಬಾರರು ತಿಗರಿಯಿಂದ (ಕುಂಬಾರನ ಚಕ್ರ) ಇಳಿಸಿದ ದಪ್ಪ ಮಡಕೆಯ ಒಳಗೆ ಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಳವನ್ನು ಗುಂಡಗೆ ತೆಗೆಯುತ್ತಾರೆ. ಮಣ್ಣು ಅಷ್ಟೇ ಇರುತ್ತದೆ, ಹರಡಿ ತೆಳ್ಳಗಾಗುತ್ತದೆ. ಕೆಜುರಿಯಲ್ಲಿ ಮಣ್ಣನ್ನೇ ತೆಗೆದುಹಾಕುವುದು: ಬಟ್ಟಲನ್ನು ತಿಗರಿಯ ಮೇಲೆ ಬೋರಲು ಹಾಕಿ, ನಡುವಿಗೆ ಕೂರಿಸಿ, ಬಾಗಿದ ಅಲಗಿನಿಂದ ತಳದ ಸುತ್ತ ಸುರುಳಿ ಸುರುಳಿಯಾಗಿ ಬಿಡಿಸುತ್ತಾರೆ. ಉಳಿಯುವ ಉಂಗುರವೇ ‘ಕೋದಾಯ್’, ಬಟ್ಟಲು ನಿಲ್ಲುವ ಪಾದ. ಇದಕ್ಕೆ ‘ಹೆರೆಯುವುದು’ ಚೆನ್ನಾಗಿ ಹೊಂದುತ್ತದೆ.

ಹೆರೆಯುವ ಹದದ ಹೆಸರನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಇಂಗ್ಲಿಷಿನ ‘ಲೆದರ್ ಹಾರ್ಡ್’ನಿಂದ ತಂದ ‘ತೊಗಲುಗಟ್ಟಿ’ ಯಾರಿಗೂ ತಿಳಿಯದು. ‘ಅರೆ ಒಣಗು’ ಸಾಕು. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮಣ್ಣು ಅಂಟಬಾರದು. ಇನ್ನೂ ಹಸಿಯಾಗಿದ್ದರೆ ಅಲಗು ಕಚ್ಚಿಕೊಂಡು ಬಟ್ಟಲಿನ ಬಾಯಿ ಸೊಟ್ಟಗಾಗುತ್ತದೆ. ತೀರಾ ಒಣಗಿದ್ದರೆ ಸುರುಳಿ ಬರುವುದಿಲ್ಲ, ಪುಡಿ ಉದುರಿ ಅಂಚು ಚಕ್ಕೆ ಏಳುತ್ತದೆ.

ಮಗ್ಗಿನ ಹಿಡಿ ಅಂಟಿಸುವ ದೃಶ್ಯದಲ್ಲಿ ‘ದೊಬೆ’ ಬಂದರೆ ‘ಅಂಟು’ ಎಂದು ಬರೆಯಬೇಡಿ, ನೋಡುವವರು ಗೋಂದು ಎಂದುಕೊಳ್ಳುತ್ತಾರೆ. ಅದು ಅದೇ ಮಣ್ಣಿನ ಗಟ್ಟಿ ರಾಡಿ. ಎರಡೂ ಕಡೆ ಗೀರು ಹಾಕಿ, ರಾಡಿ ಸವರಿ, ಅದುಮುತ್ತಾರೆ. ಹಿಡಿ ಮಗ್ಗಿಗಿಂತ ಹಸಿಯಾಗಿದ್ದರೆ ಅದೇ ಹೆಚ್ಚು ಕುಗ್ಗಿ, ಬೆಸುಗೆಯಲ್ಲಿ ಸೀಳು ಬಿಡುತ್ತದೆ. “ಗೀರು ಹಾಕಿ ರಾಡಿ ಹಚ್ಚು” ಅಂದರೆ ಒಂದೇ ಸಾಲಿಗೆ ಮುಗಿಯುತ್ತದೆ.